ಅಪ್‌ಡೇಟ್: ವಾಲ್ವ್ ಆಂಪ್‌ನ ಗುಂಯ್ ಸದ್ದು ಹೋಯಿತು, ಚಟಪಟವೂ ನಿಂತಿತು

ಹಿಂದಿನ ಪ್ರಶ್ನೆ ಇಷ್ಟು: 15 ವ್ಯಾಟ್ ವಾಲ್ವ್ (ಗಾಜಿನ ನಿರ್ವಾತ ಕೊಳವೆ) ಗಿಟಾರ್ ಆಂಪ್, ಗಿಟಾರ್ ಕೇಬಲ್ ಕಿತ್ತರೂ ಬಿಡದ ಗುಂಯ್ ಸದ್ದು, ನಡುನಡುವೆ ಚಟಪಟ.

ವಾಲ್ಯೂಮ್ ಸೊನ್ನೆಗೆ ಇಳಿಸಿದರೂ ಗುಂಯ್ ಒಂದಿಷ್ಟೂ ತಗ್ಗಲಿಲ್ಲ. ಅಂದರೆ ದೋಷ ವಾಲ್ಯೂಮ್ ಕಂಟ್ರೋಲ್‌ನಿಂದ ಮುಂದಿನ ಭಾಗದಲ್ಲಿ. ಫೋನಿನ ಟ್ಯೂನರ್‌ನಲ್ಲಿ ಅದು 100 ಹರ್ಟ್ಜ್ ತೋರಿಸಿತು. 50 ಹರ್ಟ್ಜ್ ಮೇನ್ಸ್‌ನಲ್ಲಿ 100 ಬಂದರೆ ಮೊದಲು ರೆಕ್ಟಿಫೈಯರ್ (ಏಸಿಯನ್ನು ಡಿಸಿ ಮಾಡುವ ಭಾಗ) ನಂತರದ ಫಿಲ್ಟರ್ ಕೆಪಾಸಿಟರ್ (ಆ ಡಿಸಿಯ ಏರಿಳಿತ ತಗ್ಗಿಸುವುದು) ನೋಡಬೇಕು. ಬರೀ 50 ಬಂದಿದ್ದರೆ ಹೀಟರ್ ವೈರಿಂಗ್ (ವಾಲ್ವ್ ಬಿಸಿಮಾಡುವ ತಂತಿಗಳು) ಅಥವಾ ಗ್ರೌಂಡ್ ಲೂಪ್ (ಒಂದಕ್ಕಿಂತ ಹೆಚ್ಚು ದಾರಿಯಲ್ಲಿ ಅರ್ಥ್ ಜೋಡಣೆ). ಈ ಒಂದು ಗುರುತು ಅರ್ಧ ಕೆಲಸ ಉಳಿಸುತ್ತದೆ.

ಮೊದಲ ಫಿಲ್ಟರ್ ಕೆಪಾಸಿಟರ್ (47 ಮೈಕ್ರೋಫ್ಯಾರಡ್, 450 ವೋಲ್ಟ್) ಮೇಲೆ ಏಸಿ ರಿಪಲ್ (ಡಿಸಿಯಲ್ಲಿ ಉಳಿದ ಏರಿಳಿತ) 19 ವೋಲ್ಟ್ ಇತ್ತು. ಹೊಸದು ಹಾಕಿದ ಮೇಲೆ 5. ಅಷ್ಟೇ ಮೈಕ್ರೋಫ್ಯಾರಡ್, ಆದರೆ 500 ವೋಲ್ಟ್‌ನದು. ಧ್ರುವ ತಿರುಗಿಸಿ ಹಾಕಿದರೆ ಸಿಡಿಯುತ್ತದೆ.

ದಯವಿಟ್ಟು ಇದನ್ನು ಬಿಡಬೇಡಿ: ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ 400 ವೋಲ್ಟ್ ಉಳಿದಿರಬಹುದು. 10 ಕಿಲೋಓಮ್, 5 ವ್ಯಾಟ್ ರೆಸಿಸ್ಟರ್ ಅನ್ನು ಇನ್ಸುಲೇಟೆಡ್ ಕ್ಲಿಪ್‌ಗಳಿಂದ ಕೆಪಾಸಿಟರ್‌ನ ಎರಡೂ ತುದಿಗೆ ಹಿಡಿಸಿ ಹತ್ತು ಸೆಕೆಂಡ್ ಚಾರ್ಜ್ ಇಳಿಸಿ, ನಂತರ ಪ್ರತಿ ಕೆಪಾಸಿಟರನ್ನೂ ಮೀಟರ್‌ನಿಂದ ಅಳೆಯಿರಿ. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡುವುದು ಬೇಡವೇ ಬೇಡ.

ಚಟಪಟ ಬೇರೆಯದೇ ದೋಷ. ಮೊದಲ ಪ್ರಿಆಂಪ್ ವಾಲ್ವ್ (ಗಿಟಾರ್ ಸಿಗ್ನಲ್ಲನ್ನು ಮೊದಲು ಹಿಗ್ಗಿಸುವುದು) ತೆಗೆದಾಗ ನಿಂತಿತು, ಹೊಸ ವಾಲ್ವ್ ಹಾಕಿದಾಗ ಮರಳಿತು. ಅಂದರೆ ದೋಷ ವಾಲ್ವ್‌ನದಲ್ಲ. ಹಾಗಾಗಿ ಅದರ ಪ್ಲೇಟ್‌ಗೆ (ವಾಲ್ವ್‌ನ ಔಟ್‌ಪುಟ್ ತುದಿ) ವೋಲ್ಟೇಜ್ ಕೊಡುವ 100 ಕಿಲೋಓಮ್ ಕಾರ್ಬನ್ ರೆಸಿಸ್ಟರ್ ಬದಲಿಸಿ 1 ವ್ಯಾಟ್ ಮೆಟಲ್ ಫಿಲ್ಮ್ ಹಾಕಿದೆ. ಈಗ ವಾಲ್ಯೂಮ್ ಪೂರ್ತಿ ಏರಿಸಿದರೆ ಸಣ್ಣ ಸುಯ್ ಮಾತ್ರ. ಅಷ್ಟು ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಇರುವ ಆಂಪ್‌ಗೆ ಅದು ಸಹಜ.