ಡಿಸ್ಕ್ ಬ್ರೇಕ್ ಹಾಕಿಸಿದ ಮೇಲೆ ಅಂಬಾಸಿಡರ್‌ನ ಮುಂದಿನ ಗಾಲಿ ಹಿಡಿಯುತ್ತಿವೆ

ಮಾರ್ಕ್2_ಬೆಳಗಾವಿ:
ಎಲ್ಲರಿಗೂ ನಮಸ್ಕಾರ. ಅಪ್ಪನ ಕಾಲದ 1972ರ ಅಂಬಾಸಿಡರ್ ಮಾರ್ಕ್ 2 ಇದೆ. ನಾಲ್ಕೂ ಗಾಲಿಗೆ ಡ್ರಮ್ ಬ್ರೇಕ್ ಇತ್ತು. ಹೋದ ತಿಂಗಳು ಮುಂದಿನ ಎರಡಕ್ಕೆ ಡಿಸ್ಕ್ ಹಾಕಿಸಿದೆ. ಪೆಡಲ್ ತುಳಿದಾಗ ಬ್ರೇಕ್ ಆಯಿಲನ್ನು ಗಾಲಿಗಳಿಗೆ ಒತ್ತುವ ಮಾಸ್ಟರ್ ಸಿಲಿಂಡರ್ ಹಳೆಯದೇ, ಡ್ರೈವರ್ ಕಾಲಡಿ ಫ್ಲೋರ್ ಕೆಳಗಿರುವುದು. ತುಳಿತಕ್ಕೆ ಬಲ ಕೂಡಿಸುವ ಬೂಸ್ಟರ್ ಇಲ್ಲ.

ಊರೊಳಗೆ ಸಣ್ಣ ಓಡಾಟಕ್ಕೆ ಏನೂ ತೊಂದರೆ ಇಲ್ಲ. ಭಾನುವಾರ ಚೋರ್ಲಾ ಘಾಟ್ ಕಡೆ ಹೊರಟೆ. ಜಾಂಬೋಟಿ ಹತ್ತಿರ ಬರುವಷ್ಟರಲ್ಲಿ ಪೆಡಲ್ ಮೇಲೆ ಬಂದು ಕಲ್ಲಿನಂತೆ ಗಟ್ಟಿಯಾಯಿತು. ಗಾಡಿ ಎಳೆಯಲೇ ಇಲ್ಲ. ಸುಟ್ಟ ವಾಸನೆ ಬೇರೆ. ಇಳಿದು ಬಾಟಲಿಯಿಂದ ಡಿಸ್ಕ್ ಮೇಲೆ ನಾಲ್ಕು ಹನಿ ನೀರು ಬಿಟ್ಟೆ, ಚುರ್ ಅಂದು ಹಾರಿಹೋದವು. ಅರ್ಧ ಗಂಟೆ ಮರದ ಕೆಳಗೆ ನಿಂತ ಮೇಲೆ ತಾನಾಗಿಯೇ ಸಡಿಲವಾಯಿತು. ಹತ್ತು ಕಿಲೋಮೀಟರ್ ಹೋದ ಮೇಲೆ ಮತ್ತೆ ಅದೇ ಕಥೆ. ಗ್ಯಾರೇಜಿನವರು ‘ಪ್ಯಾಡ್ ಹೊಸದು, ಓಡಿದಂತೆ ಸರಿಹೋಗುತ್ತದೆ’ ಅನ್ನುತ್ತಾರೆ. ಮನೆಮಂದಿಯನ್ನು ಕೂರಿಸಿಕೊಂಡು ಹೋಗಲು ಧೈರ್ಯ ಸಾಲುತ್ತಿಲ್ಲ.

ನವನಗರ_ಬಾಗಲಕೋಟೆ:
ಅಣ್ಣಾ, ರಬ್ಬರ್ ಹೋಸ್ ಬದಲಿಸಿದ್ದೀರಾ? ಹಳೇ ಹೋಸ್ ಒಳಗೆ ಉಬ್ಬಿದರೆ ಆಯಿಲ್ ಹೋಗುತ್ತದೆ, ವಾಪಸ್ ಬರುವುದಿಲ್ಲ. ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ.

ಮಾರ್ಕ್2_ಬೆಳಗಾವಿ:
ಮುಂದಿನ ಎರಡೂ ಹೋಸ್ ಕಿಟ್ ಜೊತೆ ಬಂದ ಹೊಸವು.

ಹಳೇಗಾಡಿ_ವಿಜಯಪುರ:
ತಮ್ಮಾ, ಮೊದಲು ಒಂದು ಮಾತು. ಕಾದ ಡಿಸ್ಕ್ ಮೇಲೆ ನೀರು ಹಾಕಬೇಡ, ಸೊಟ್ಟಗಾಗುತ್ತದೆ. ಇದು ಸರಿಯಾಗುವ ತನಕ ಘಾಟ್ ಕಡೆ ಹೋಗಲೂಬೇಡ.

ಬಿಸಿಯಾದಾಗ ಹಿಡಿಯುತ್ತದೆ, ತಣ್ಣಗಾದಾಗ ಬಿಡುತ್ತದೆ ಅಂದರೆ ಆಯಿಲ್ ಒಳಗೇ ಸಿಕ್ಕಿಕೊಂಡಿದೆ. ಬ್ರೇಕ್ ಬಿಟ್ಟಾಗ ಮಾಸ್ಟರ್ ಸಿಲಿಂಡರ್ ಒಳಗೆ ಒಂದು ಚಿಕ್ಕ ತೂತು ತೆರೆದುಕೊಳ್ಳಬೇಕು. ಕಾದು ಹಿಗ್ಗಿದ ಆಯಿಲ್ ಆ ತೂತಿನಿಂದಲೇ ಡಬ್ಬಿಗೆ ವಾಪಸ್ ಹೋಗುವುದು. ಪೆಡಲಿನಿಂದ ಸಿಲಿಂಡರಿನ ಪಿಸ್ಟನ್ ತಳ್ಳುವ ಪುಷ್ ರಾಡ್ ಒಂದು ಚೂರು ಉದ್ದವಾದರೂ ಸಾಕು, ಪಿಸ್ಟನ್ ಮುಂದಿನ ರಬ್ಬರ್ ಕಪ್ ವಾಷರ್ ಆ ತೂತನ್ನು ಮುಚ್ಚಿಬಿಡುತ್ತದೆ. ಆಮೇಲೆ ಆಯಿಲ್‌ಗೆ ದಾರಿ ಇಲ್ಲ, ಪ್ಯಾಡನ್ನು ಒತ್ತುತ್ತಲೇ ಇರುತ್ತದೆ. ಒತ್ತಿದಷ್ಟೂ ಬಿಸಿ, ಬಿಸಿಯಾದಷ್ಟೂ ಒತ್ತಡ.

ಈಗ ಪರೀಕ್ಷೆ ಮಾಡು. ಮುಂದೆ ಜಾಕ್ ಕೊಡು, ಸ್ಟ್ಯಾಂಡ್ ಇಡು. ಗಾಲಿ ಹಿಡಿದಿರುವಾಗಲೇ ಮಾಸ್ಟರ್ ಸಿಲಿಂಡರ್‌ನಿಂದ ಹೊರಡುವ ಪೈಪಿನ ನಟ್ಟು ಅರ್ಧ ಸುತ್ತು ಸಡಿಲಿಸು. ಗಾಲಿ ಬಿಟ್ಟರೆ ದೋಷ ಸಿಲಿಂಡರ್ ಅಥವಾ ಪೆಡಲ್ ಕಡೆ ಇದೆ. ಅಲ್ಲಿ ಬಿಡದೆ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕ್‌ಗೆ ಒತ್ತುವ ಭಾಗ) ಮೇಲಿನ ಏರ್ ತೆಗೆಯುವ ನಿಪ್ಪಲ್ ತೆರೆದಾಗ ಮಾತ್ರ ಬಿಟ್ಟರೆ ಬಾಗಲಕೋಟೆಯವರು ಹೇಳಿದಂತೆ ಹೋಸ್. ಎರಡೂ ಕಡೆ ಆಯಿಲ್ ಜೋರಾಗಿ ಚಿಮ್ಮುತ್ತದೆ, ಕಣ್ಣಿಗೆ ಕನ್ನಡಕ ಹಾಕಿಕೋ. ಬಣ್ಣದ ಮೇಲೆ ಬಿದ್ದರೆ ತಕ್ಷಣ ನೀರಿನಿಂದ ತೊಳೆ, ಇಲ್ಲದಿದ್ದರೆ ಬಣ್ಣ ಎದ್ದು ಬರುತ್ತದೆ.

ಇನ್ನೊಂದು ಕೇಳುತ್ತೇನೆ, ನೆನಪಿಸಿಕೊಂಡು ಹೇಳು. ಡಿಸ್ಕ್ ಹಾಕಿದ ದಿನ ಪೆಡಲ್ ಪೂರ್ತಿ ಕೆಳಗೆ ಹೋಗುತ್ತಿತ್ತಾ? ಅದಕ್ಕೆ ಅವರು ಏನು ಮಾಡಿದರು?

ಮಾರ್ಕ್2_ಬೆಳಗಾವಿ:
ಹೌದು ಕಾಕಾ! ಮೊದಲ ದಿನ ಸ್ಪಂಜ್ ತುಳಿದಂತೆ ಇತ್ತು. ಮೂರು ಸಲ ಏರ್ ತೆಗೆದರು, ಸರಿಯಾಗಲಿಲ್ಲ. ಕೊನೆಗೆ ರಾಡಿನ ನಟ್ಟು ತಿರುಗಿಸಿ ಪೆಡಲ್ ಮೇಲೆ ತಂದರು.

ಪರೀಕ್ಷೆಯನ್ನೂ ಮಾಡಿದೆ. ಸಿಲಿಂಡರ್ ಹತ್ತಿರದ ನಟ್ಟು ಸಡಿಲಿಸಿದ ಕೂಡಲೇ ಎರಡೂ ಗಾಲಿ ಬಿಟ್ಟವು.

ಹಳೇಗಾಡಿ_ವಿಜಯಪುರ:
ಅಲ್ಲೇ ಇದೆ ನೋಡು. ಒಂದು ತಪ್ಪು ಮುಚ್ಚಲು ಇನ್ನೊಂದು ತಪ್ಪು. ಪೆಡಲ್ ಕೆಳಗೆ ಹೋಗುತ್ತಿದ್ದದ್ದು ಏರ್‌ನಿಂದ. ಕ್ಯಾಲಿಪರ್ ನಿಪ್ಪಲ್ ಮೇಲಕ್ಕಿದೆಯಾ, ಕೆಳಕ್ಕಿದೆಯಾ? ಎಡದ್ದು ಬಲಕ್ಕೆ ಹಾಕಿದರೆ ನಿಪ್ಪಲ್ ಕೆಳಗೆ ಬರುತ್ತದೆ. ಏರ್ ಯಾವತ್ತೂ ಮೇಲೆ ನಿಲ್ಲುವುದು. ಹಾಗಾಗಿ ನೂರು ಸಲ ಬ್ಲೀಡ್ ಮಾಡಿದರೂ ಬರುವುದಿಲ್ಲ.

ಮೊದಲು ರಾಡ್ ಹಿಂದಕ್ಕೆ ತಾ. ರಾಡ್ ತುದಿಗೂ ಪಿಸ್ಟನ್‌ಗೂ ನಡುವೆ ಒಂದರಿಂದ ಒಂದೂವರೆ ಮಿಲಿಮೀಟರ್ ಸಂದು ಇರಬೇಕು. ಆಮೇಲೆ ಸಿಲಿಂಡರಿನ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡು. ಪೆಡಲ್ ತುಳಿದು ಬಿಟ್ಟಾಗ ಆಯಿಲ್ ಒಳಗೆ ಸಣ್ಣ ಬುಗ್ಗೆ ಏಳಬೇಕು. ಬುಗ್ಗೆ ಎದ್ದರೆ ತೂತು ತೆರೆದಿದೆ.

ಮಾರ್ಕ್2_ಬೆಳಗಾವಿ:
ನಿಪ್ಪಲ್ ಕೆಳಗೇ ಇದ್ದವು ಕಾಕಾ! ಎರಡನ್ನೂ ಅದಲುಬದಲು ಮಾಡಿ, ಹಿಂದಿನ ಎಡಗಾಲಿಯಿಂದ ಶುರುಮಾಡಿ ಏರ್ ತೆಗೆದೆವು. ಮುಂದಿನ ಬಲಗಾಲಿಯಲ್ಲಿ ದೊಡ್ಡ ಗುಳ್ಳೆಗಳು ಬಂದವು, ಪೈಪಿನಲ್ಲಿ ಕಣ್ಣಿಗೆ ಕಾಣುವಂತೆ. ಬುಗ್ಗೆಯೂ ಏಳುತ್ತಿದೆ. ಪೆಡಲ್ ಈಗ ರಾಡ್ ಉದ್ದ ಮಾಡದೇನೇ ಮೇಲಿದೆ. ಆದರೆ ಗಾಲಿ ಕೈಯಲ್ಲಿ ತಿರುಗಿಸಿದರೆ ಸ್ವಲ್ಪ ಉಜ್ಜುತ್ತದೆ, ಗಾಡಿ ತಣ್ಣಗಿದ್ದಾಗಲೂ.

ಹಳೇಗಾಡಿ_ವಿಜಯಪುರ:
ಅದು ಚೆಕ್ ವಾಲ್ವ್. ಡ್ರಮ್ ಗಾಡಿಯ ಮಾಸ್ಟರ್ ಸಿಲಿಂಡರ್ ತುದಿಯಲ್ಲಿ ಇರುತ್ತದೆ, ಲೈನಿನಲ್ಲಿ ಸುಮಾರು 10 ಪಿಎಸ್‌ಐ ಒತ್ತಡ ಉಳಿಸುತ್ತದೆ. ಡ್ರಮ್‌ಗೆ ಅದು ಬೇಕು, ಶೂ ಹಿಂದಕ್ಕೆ ಎಳೆಯಲು ಸ್ಪ್ರಿಂಗ್ ಇದೆ ಅಲ್ವಾ. ಕ್ಯಾಲಿಪರ್‌ಗೆ ಸ್ಪ್ರಿಂಗ್ ಇಲ್ಲ, ಸೀಲ್ ಹಿಂದಕ್ಕೆ ಸರಿದಷ್ಟೇ ಪಿಸ್ಟನ್ ಸರಿಯುತ್ತದೆ, ಹಾಗಾಗಿ ಆ ಒತ್ತಡಕ್ಕೇ ಪ್ಯಾಡ್ ಉಜ್ಜುತ್ತದೆ.

ಒಳಗಿನ ವಾಲ್ವ್ ತೆಗೆಸು. ಹಿಂದಿನ ಲೈನಿಗೆ 10 ಪಿಎಸ್‌ಐ ವಾಲ್ವ್ ಹೊರಗೆ ಹಾಕು. ಮುಂದಿನ ಲೈನಿಗೆ 2 ಪಿಎಸ್‌ಐದು. ಅದನ್ನು ಬಿಡಬೇಡ, ನಿನ್ನ ಸಿಲಿಂಡರ್ ಕ್ಯಾಲಿಪರ್‌ಗಿಂತ ಕೆಳಗಿದೆ. ವಾಲ್ವ್ ಇಲ್ಲದಿದ್ದರೆ ಆಯಿಲ್ ಹಿಂದಕ್ಕೆ ಇಳಿದು ಮೊದಲ ತುಳಿತಕ್ಕೆ ಬ್ರೇಕೇ ಸಿಗದಿರಬಹುದು. ಡಾಟ್ 4 ಆಯಿಲ್ ಹೊಸ ಡಬ್ಬಿ ಒಡೆದು ಹಾಕು. ಬೆಳಗಾವಿ ಮಳೆಗಾಲದಲ್ಲಿ ಅರ್ಧ ಖಾಲಿಯಾದ ಡಬ್ಬಿ ಬೇಗ ತೇವ ಎಳೆದುಕೊಳ್ಳುತ್ತದೆ. ಹೊಸದರ ಕುದಿಬಿಂದು ಕನಿಷ್ಠ 230 ಡಿಗ್ರಿ, ತೇವ ಸೇರಿದರೆ 155ಕ್ಕೆ ಇಳಿಯಬಹುದು.

ಮಾರ್ಕ್2_ಬೆಳಗಾವಿ:
ಎರಡೂ ವಾಲ್ವ್ ಹಾಕಿಸಿ ನಿನ್ನೆ ಕಣಕುಂಬಿ ತನಕ ಹೋಗಿಬಂದೆ. ದಾರಿಯಲ್ಲಿ ಮೂರು ಕಡೆ ನಿಲ್ಲಿಸಿ ಹಬ್ ಮುಟ್ಟಿ ನೋಡಿದೆ, ಕೈ ಇಡಬಹುದಾದಷ್ಟು ಬಿಸಿ, ಎರಡೂ ಕಡೆ ಒಂದೇ ಸಮ. ಅಪ್ಪನೂ ಜೊತೆಗಿದ್ದರು, ಇಳಿಜಾರಿನಲ್ಲಿ ಒಮ್ಮೆ ಅವರೇ ಓಡಿಸಿದರು. ಕಾಕಾ, ಬಾಗಲಕೋಟೆ ಅಣ್ಣಾ, ಇಬ್ಬರಿಗೂ ತುಂಬಾ ಧನ್ಯವಾದ. ಹಿಂದಿನ ಹೋಸ್ ಹಳೆಯದೇ ಇದೆ, ಈ ವಾರ ಅದನ್ನೂ ಬದಲಿಸುತ್ತೇನೆ.