ಅಪ್‌ಡೇಟ್: 1968ರ ಬೀಟಲ್‌ನ ಕ್ಲಚ್ ಬದಲಾವಣೆ ಮುಗಿಯಿತು

ನನ್ನ 1968ರ ಫೋಕ್ಸ್‌ವ್ಯಾಗನ್ ಬೀಟಲ್ ಹೊರಡುವಾಗ ನಡುಗುತ್ತದೆ, ಕ್ಲಚ್ ಪ್ಲೇಟ್ ಒಂದನ್ನೇ ಬದಲಿಸಿದರೆ ಸಾಕೇ ಎಂದು ಹಿಂದೆ ಕೇಳಿದ್ದೆ. ಸಾಲದು ಎಂದು ಹೇಳಿದವರ ಮಾತೇ ನಿಜವಾಯಿತು.

ಎಂಜಿನ್ ಇಳಿಸಿ ನೋಡಿದಾಗ 200 ಮಿ.ಮೀ. ಪ್ಲೇಟಿನ ಅಂಚಿನಲ್ಲಿ ಎಣ್ಣೆ ಕಪ್ಪಾಗಿ ಹೆಪ್ಪುಗಟ್ಟಿತ್ತು. ಫ್ಲೈವೀಲ್ (ಕ್ಲಚ್ ಕೂರುವ, ಎಂಜಿನ್ ಜೊತೆ ತಿರುಗುವ ಭಾರದ ಚಕ್ರ) ಹಿಂದಿನ ಆಯಿಲ್ ಸೀಲ್ ಸೋರುತ್ತಿದ್ದುದೇ ಅದಕ್ಕೆ ಕಾರಣ. ಸೀಲ್ ಬದಲಿಸಲು ಫ್ಲೈವೀಲ್ ಬಿಚ್ಚಲೇಬೇಕಾದ್ದರಿಂದ ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟಿನ ಎಂಡ್ ಪ್ಲೇಯನ್ನೂ (ಅದು ಹಿಂದೆ ಮುಂದೆ ಸರಿಯುವ ಸಡಿಲ) ಅಳೆದೆ, ಅದು 0.10 ಮಿ.ಮೀ. ಇದ್ದು, 0.07ರಿಂದ 0.13ರ ಮಿತಿಯೊಳಗಿತ್ತು. ಫ್ಲೈವೀಲನ್ನು ಹಿಡಿದಿಡುವ ನಡುವಿನ ದೊಡ್ಡ ನಟ್ಟನ್ನು ಸುಮಾರು 343 ನ್ಯೂಟನ್ ಮೀಟರ್‌ಗೆ ಬಿಗಿಯಲು ಉದ್ದನೆಯ ಸರಳು ಮತ್ತು ಇಬ್ಬರ ಬಲ ಬೇಕಾಯಿತು.

ಮೊದಲು ತರಿಸಿದ ಪ್ರೆಷರ್ ಪ್ಲೇಟಿಗೆ (ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಒತ್ತಿಹಿಡಿಯುವ ಭಾಗ) ನಡುವಿನ ಉಂಗುರವೇ ಇರಲಿಲ್ಲ. ಅದು 1971ರಿಂದೀಚಿನ, ಪೆಡಲ್ ತುಳಿದಾಗ ಪ್ರೆಷರ್ ಪ್ಲೇಟನ್ನು ಒತ್ತುವ ಬೇರಿಂಗಿಗೆ ಗೈಡ್ ಕೊಳವೆಯಿರುವ ಗೇರ್‌ಬಾಕ್ಸಿಗೆ ಸೇರಿದ್ದು. ನನ್ನದರಲ್ಲಿ ಬೇರಿಂಗ್ ಎರಡು ಕ್ಲಿಪ್‌ಗಳ ಮೇಲೆ ಕೂರುವುದರಿಂದ ಉಂಗುರವಿರುವುದೇ ಬೇಕು. ದಯವಿಟ್ಟು ಹಣ ಕೊಡುವ ಮುನ್ನ ಇದೊಂದನ್ನು ನೋಡಿಕೊಳ್ಳಿ.

ಎಲ್ಲ ಹೊಸದಾದರೂ ನಡುಕ ಪೂರ್ತಿ ಹೋಗಲಿಲ್ಲ, ನಿಜಕ್ಕೂ ಎದೆಗುಂದಿದೆ. ಕೊನೆಗೆ ಕೆಳಗೆ ಮಲಗಿ ನೋಡಿದರೆ, ಕ್ಲಚ್ ಕೇಬಲ್ಲಿನ ಬೌಡನ್ ಕೊಳವೆ (ಕೇಬಲ್ ಹಾದುಹೋಗುವ, ಬಾಗುವ ಹೊರಕವಚ) 25ರಿಂದ 45 ಮಿ.ಮೀ. ಬಾಗಿರಬೇಕಾದಲ್ಲಿ ಬಹುತೇಕ ನೆಟ್ಟಗಿತ್ತು. ಅದರ ತುದಿಗೆ ವಾಷರ್‌ಗಳನ್ನು ಸೇರಿಸಿ ಬಾಗನ್ನು 30 ಮಿ.ಮೀ.ಗೆ ತಂದು, ಪೆಡಲಿನ ಸಡಿಲವನ್ನು 15 ಮಿ.ಮೀ.ಗೆ ಹೊಂದಿಸಿದ ಮೇಲೆ ಗಾಡಿ ಏರಿನಲ್ಲೂ ನಯವಾಗಿ ಹೊರಡುತ್ತಿದೆ. ಕೊಳವೆಯನ್ನು ನೋಡಲು ಸೂಚಿಸಿದ ಹಿರಿಯರಿಗೆ ಮನಃಪೂರ್ವಕ ಕೃತಜ್ಞತೆಗಳು.