ಮಕ್ಕಳ ನಾಟಕವನ್ನೇ ನಂಬಿ ಬದುಕಬಹುದಾ?

ಪ್ರಶ್ನೆ (ಹಾವೇರಿ ಕಡೆಯವಳು)

ಎಲ್ಲರಿಗೂ ನಮಸ್ಕಾರ. ಹೆಗ್ಗೋಡಿನ ನೀನಾಸಂನಲ್ಲಿ ರಂಗಶಿಕ್ಷಣ ಮುಗಿಸಿ, ಒಂದು ವರ್ಷ ಅದರ ಸಂಚಾರಿ ನಾಟಕ ತಂಡ ‘ತಿರುಗಾಟ’ದಲ್ಲಿ ಊರೂರು ಸುತ್ತಿದೆ. ಈಗ ಮೂರು ವರ್ಷದಿಂದ ಶಾಲೆಗಳಲ್ಲಿ ನಾಟಕ ಮಾಡಿಸುತ್ತಿದ್ದೇನೆ. ಏಪ್ರಿಲ್, ಮೇನಲ್ಲಿ ಬೇಸಿಗೆ ಶಿಬಿರ. ಡಿಸೆಂಬರ್ ಹೊತ್ತಿಗೆ ಶಾಲೆಗಳ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ. ಜೂನ್‌ನಿಂದ ಮಳೆಗಾಲವಿಡೀ ಕೈ ಖಾಲಿ. ಮನೆಯಲ್ಲಿ ಬಿ.ಎಡ್. ಮಾಡು ಅಂತಾರೆ. ನನಗೆ ಮಕ್ಕಳ ಜೊತೆಗಿನ ಈ ಕೆಲಸ ಬಿಡುವ ಮನಸ್ಸಿಲ್ಲ. ಇದರಲ್ಲೇ ಹದಿನೈದು, ಇಪ್ಪತ್ತು ವರ್ಷ ಕಳೆದವರು ಇದ್ದರೆ, ನಿಮಗೆ ಹೇಗಾಯಿತು ಅಂತ ಹೇಳುತ್ತೀರಾ?

ಉತ್ತರ 1 (ಮೈಸೂರಿನಿಂದ)

ತಂಗಿ, ಇಪ್ಪತ್ತು ವರ್ಷದ ಹಿಂದೆ ಇಲ್ಲಿನ ರಂಗಾಯಣ ನಾಟಕ ಸಂಸ್ಥೆಯ ಮಕ್ಕಳ ಬೇಸಿಗೆ ಶಿಬಿರ, ಚಿನ್ನರ ಮೇಳ ನೋಡಲು ಹೋದವನು ನಾನು. ಮಕ್ಕಳು ಕೈಗೆಲ್ಲ ಅಂಟು ಮೆತ್ತಿಕೊಂಡು ಮುಖವಾಡ ಮಾಡುತ್ತಿದ್ದರು. ನನ್ನ ಕೆಲಸ ಇದೇ ಅಂತ ಅವತ್ತೇ ಅನ್ನಿಸಿತು. ಬದುಕು ನಡೆದಿದೆ, ಮಗಳು ಪಿಯುಸಿ ಓದುತ್ತಿದ್ದಾಳೆ.

ಆದರೆ ಹಣಕ್ಕಿಂತ ಮೊದಲು ನನ್ನ ಒಂದು ತಪ್ಪು ಹೇಳಬೇಕು. ಒಂದು ಹಾಸ್ಟೆಲ್‌ನಲ್ಲಿ ಎಂಟು, ಒಂಬತ್ತನೇ ತರಗತಿಯ ಹುಡುಗಿಯರ ಜೊತೆ 12 ದಿನ ಇದ್ದೆ. ನಿಮ್ಮ ಕಥೆ ನೀವೇ ಕಟ್ಟಿ ಅಂದೆ. ನೀರಿನ ಕಥೆ ಕಟ್ಟಿದರು. ಬೆಳಗಿನ ಜಾವ ಐದಕ್ಕೆ ಬಕೆಟ್ ಸಾಲು, ಅರ್ಧ ಬಕೆಟ್‌ನಲ್ಲಿ ಸ್ನಾನ. ಬಕೆಟ್ ಬಡಿದೇ ತಾಳ ಹಾಕಿದರು. ಕೊನೆಯ ದಿನ ಅತಿಥಿಗಳ ಮುಂದೆ ಆಡಿದರು. ಭಾರಿ ಚಪ್ಪಾಳೆ. ನಾನು ಖುಷಿಯಿಂದ ರಾತ್ರಿ ಬಸ್ ಹತ್ತಿದೆ. ಹುಡುಗಿಯರು ಅಲ್ಲೇ ಉಳಿದರು, ಅಲ್ವಾ? ತಿಂಗಳುಗಟ್ಟಲೆ ಬೈಗುಳ ತಿಂದರಂತೆ. ವರ್ಷದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಒಬ್ಬಳು, "ಸರ್, ನೀವು ಇನ್ನೊಂದು ವಾರ ಇರಬೇಕಿತ್ತು" ಅಂದಳು.

ಆ ಮಾತು ಇವತ್ತಿಗೂ ಚುಚ್ಚುತ್ತದೆ. ಆಮೇಲೆ ನಾನು ಕೆಲಸ ಮಾಡುವ ರೀತಿಯೇ ಬದಲಾಯಿತು. ಪ್ರದರ್ಶನ ಮುಗಿದ ಮೇಲೂ ಎರಡು ದಿನ ಇರಲು ಬಿಡದಿದ್ದರೆ ಶಿಬಿರ ಒಪ್ಪುವುದಿಲ್ಲ. ಕಥೆ ಕಟ್ಟುವಾಗಲೇ ವಾರ್ಡನ್, ಅಡುಗೆಯವರು ಎಲ್ಲರನ್ನೂ ಕೂರಿಸಿಕೊಳ್ಳುತ್ತೇನೆ. ಬ್ರೆಜಿಲ್‌ನ ಆಗುಸ್ತೊ ಬೋಲ್ ರೂಪಿಸಿದ ಫೋರಂ ಥಿಯೇಟರ್ ನಿನಗೂ ಗೊತ್ತಿರಬೇಕು. ನೋಡುವವರೇ ಎದ್ದು ಬಂದು, ಪಾತ್ರದ ಜಾಗದಲ್ಲಿ ನಿಂತು, ಮುಂದೇನು ಮಾಡಬಹುದು ಅಂತ ಆಡಿ ತೋರಿಸುತ್ತಾರೆ. ಇನ್ನೊಂದು ಊರಿನಲ್ಲಿ ವಾರ್ಡನ್ ಮೇಡಂ ಹಾಗೆ ಎದ್ದು ಬಂದು, ಖಾಲಿ ಬಕೆಟ್ ಹಿಡಿದು ಹುಡುಗಿಯರ ಸಾಲಿನಲ್ಲಿ ನಿಂತರು. ಅವತ್ತು ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಸುಮ್ನೆ ನೋಡುತ್ತಾ ಕೂತಿದ್ದರು.

ಪ್ರಶ್ನೆ ಕೇಳಿದವಳು

ಅಣ್ಣ, ಓದಿ ಕಣ್ಣು ತುಂಬಿತು. ನಾನೂ ಕೊನೆಯ ದಿನವೇ ಬಸ್ ಹತ್ತುವವಳು. ಆದರೆ ಹೆಚ್ಚಿನ ದಿನಕ್ಕೆ ಹಣ ಕೇಳುವುದು ಹೇಗೆ? "ನಾಟಕ ಒಂದಕ್ಕೆ ಎಷ್ಟು" ಅಂತಲೇ ಎಲ್ಲರೂ ಶುರು ಮಾಡುತ್ತಾರೆ.

ಉತ್ತರ 2 (ಧಾರವಾಡದಿಂದ, ಶಿಕ್ಷಕಿ)

ಶಾಲೆಯೊಳಗಿನವಳಾಗಿ ಒಂದು ಮಾತು. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 1965ರಲ್ಲೇ ಬೆಲ್‌ಗ್ರೇಡ್ ಥಿಯೇಟರ್ ಇದಕ್ಕೆಂದೇ ಒಂದು ತಂಡ ಕಟ್ಟಿತು. ನಟರೂ ಶಿಕ್ಷಕರೂ ಆದವರು ಶಾಲೆಗಳಿಗೆ ಹೋಗಿ, ಪಾಠವನ್ನೇ ನಾಟಕವಾಗಿ ಮಕ್ಕಳ ಜೊತೆ ಆಡುತ್ತಿದ್ದರು. ನಮ್ಮಲ್ಲೂ ರಾಷ್ಟ್ರೀಯ ನಾಟಕ ಶಾಲೆ ಅಗರ್ತಲಾದಲ್ಲಿ ಶಿಕ್ಷಣ ರಂಗಭೂಮಿಗೆಂದೇ ಒಂದು ವರ್ಷದ ವಸತಿ ಕೋರ್ಸ್ ನಡೆಸುತ್ತದೆ. ಬಿ.ಎಡ್. ಅನ್ನೂ ತಳ್ಳಿಹಾಕಬೇಡಿ ತಂಗಿ. ಪಾಠದ ಒತ್ತಡ ಏನು ಅಂತ ಗೊತ್ತಿರುವ ರಂಗಕರ್ಮಿಯ ಮಾತನ್ನು ನಾವು ಶಿಕ್ಷಕರು ಬೇಗ ಕೇಳುತ್ತೇವೆ.

ಉತ್ತರ 1 (ಮತ್ತೆ)

ಅಕ್ಕನ ಮಾತು ಸರಿ. ಹಣದ ವಿಷಯ: "ನಾಟಕಕ್ಕೆ ಎಷ್ಟು" ಅಂದರೆ ಉತ್ತರ ಕೊಡಬೇಡ. ದಿನದ ಲೆಕ್ಕ ಬರೆದು ಕೊಡು. ತಯಾರಿ ಎರಡು ದಿನ, ಮಕ್ಕಳ ಜೊತೆ ಹತ್ತು ದಿನ, ಆಮೇಲೆ ಎರಡು ದಿನ, ಬಸ್ ಚಾರ್ಜ್ ಬೇರೆ. ಕೆಲವರು ಬೇಡ ಅನ್ನುತ್ತಾರೆ. ನನಗೂ ಮೊದಲ ವರ್ಷ ಜಾಸ್ತಿ ಕಡೆ ಹಾಗೇ ಆಯಿತು. ಜೂನ್‌ಗೆ ನಿಮ್ಮೂರಿನ ಹತ್ತಿರದ ಒಂದೇ ಶಾಲೆ ಹಿಡಿ. ವಾರಕ್ಕೆ ಎರಡು ಪೀರಿಯಡ್ ಕೇಳು, ಪಾಠದಿಂದಲೇ ಶುರು ಮಾಡು. ನನ್ನ ಮಳೆಗಾಲಗಳು ತುಂಬಿದ್ದು ಹಾಗೆ. ಹೆಡ್‌ಮಾಸ್ಟರ್‌ಗೆ ನಾನು ಬರೆದುಕೊಡುವ ಪತ್ರದ ನಮೂನೆ ಇದೆ. ಮೆಸೇಜ್ ಮಾಡು, ಇವತ್ತೇ ಕಳಿಸುತ್ತೇನೆ.